ಪಿನ್ನು ತಿರುಗಿಸಿ ಇಟ್ಟಿದ್ದೀನಿ

ಬೆಳಿಗ್ಗೆ ಏಳು ಗಂಟೆಗೆ ನಾಲ್ಕನೇ ಲೈನಿನ ಯಂತ್ರದ ಮುಂದೆ ಅತ್ತಿಗೆ ನಾದಿನಿ ಎದುರುಬದುರಾಗುತ್ತಿದ್ದರು. ನಾದಿನಿ ಸುರಾಯಾ ರಾತ್ರಿ ಪಾಳಿ ಮುಗಿಸಿ ಹೊರಡುವವಳು, ಅತ್ತಿಗೆ ಮಜ್ನಾ ಹಗಲು ಪಾಳಿಗೆ ಬಂದು ನಿಲ್ಲುವವಳು. ಮಲಯ್ ನಾಡಿನ ಬಾಲಿಕ್ ಪುಲಾವ್‌ನಲ್ಲಿ ಇಬ್ಬರದ್ದೂ ಒಂದೇ ಅಂಗಳದ ಮನೆಗಳು, ಗುಡ್ಡ ದಾಟಿದರೆ ಸಿಗುವ ಬಾಯಾನ್ ಲೆಪಾಸಿನ ಈ ಕಾರ್ಖಾನೆಯಲ್ಲಿ ಇಬ್ಬರದ್ದೂ ಒಂದೇ ಕೆಲಸ. ಆದರೂ ಕಳೆದೊಂದು ವರ್ಷದಿಂದ ಅವರು ಪರಸ್ಪರ ಬಾಯಿ ಬಿಡುತ್ತಿದ್ದದ್ದು ಈ ಪಾಳಿ ಬದಲಾಗುವ ಹೊತ್ತಿನಲ್ಲಿ ಮಾತ್ರ. ಅದೂ ಸಂಬಳ ಕೊಡುವ ಕಂಪನಿಯ ಮುಲಾಜಿಗೆ ಬಿದ್ದು.

ಆ ದಿನ ಸುರಾಯಾ ಕೈಗವಸು ಕಳಚುತ್ತ, ಯಂತ್ರದ ಕಡೆ ಗದ್ದ ತೋರಿಸಿ, “ಪಿನ್ನು ತಿರುಗಿಸಿ ಇಟ್ಟಿದ್ದೀನಿ” ಅಂದಳು.

“ಹೂಂ” ಅಂದಳು ಮಜ್ನಾ.

ಅಲ್ಲಿಗೆ ಮಾತು ಮುಗಿಯಿತು. ಉಪವಾಸದ ತಿಂಗಳು, ಗಂಟಲು ಒಣಗಿರುತ್ತದೆ, ಯಾರೂ ಹೆಚ್ಚು ಮಾತಾಡುವುದಿಲ್ಲ ಎಂಬ ನೆಪ ಬೇರೆ ಇತ್ತು. ಬೆಳಿಗ್ಗೆ ಏಳಕ್ಕೇ ಯಾರ ಗಂಟಲು ಒಣಗಿರುತ್ತದೆ ಎಂದು ಕೇಳುವವರಿಲ್ಲ.

ಪಿನ್ನು ಅಂದರೆ ಬಟ್ಟೆಗೆ ಚುಚ್ಚುವ ಪಿನ್ನಲ್ಲ. ಬೆರಳುದ್ದದ ಗಟ್ಟಿ ಕಂಬ, ಬುಡದಲ್ಲಿ ಅಯಸ್ಕಾಂತ. ಯಂತ್ರದ ಹೊಟ್ಟೆಯಲ್ಲಿರುವ ಉಕ್ಕಿನ ಹಲಗೆಯ ಮೇಲೆ ಕೈಯಿಂದಲೇ ಒಂದೊಂದಾಗಿ ನಿಲ್ಲಿಸಬೇಕು. ತೆಳ್ಳಗಿನ ಎಲೆಕ್ಟ್ರಾನಿಕ್ ಬೋರ್ಡು ಒಳಗೆ ಬಂದು ನಿಂತಾಗ ಈ ಕಂಬಗಳು ಮೇಲೆದ್ದು ಅದನ್ನು ಕೆಳಗಿಂದ ಆನಿಸಿ ಹಿಡಿಯುತ್ತವೆ. ಮೇಲಿಂದ ಯಂತ್ರದ ಮೂತಿ ಸಾಸಿವೆಯಂಥ ಬಿಡಿಭಾಗಗಳನ್ನು ಕಚ್ಚಿ ತಂದು ಪಟಪಟನೆ ಒತ್ತಿ ಕೂರಿಸುತ್ತದೆ. ಕೆಳಗೆ ಆಸರೆಯಿಲ್ಲದಿದ್ದರೆ ಬೋರ್ಡು ಕುಣಿಯುತ್ತದೆ, ಕೂರಿಸಿದ್ದೆಲ್ಲ ಚದುರುತ್ತದೆ. ಮೊದಲ ಮುಖ ಮಾಡುವಾಗ ಚಿಂತೆಯಿಲ್ಲ, ಬೋರ್ಡಿನ ಬೆನ್ನು ಖಾಲಿ, ಪಿನ್ನನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಬೋರ್ಡನ್ನು ಮಗುಚಿ ಎರಡನೇ ಮುಖಕ್ಕೆ ಕೈಹಾಕಿದಾಗ ಕಷ್ಟ ಶುರು. ಆಗ ಕೆಳಗಡೆ ಆಗಲೇ ಬೆಸುಗೆಯಾದ ಬಿಡಿಭಾಗಗಳಿರುತ್ತವೆ. ಪಿನ್ನಿನ ತಲೆ ಅವುಗಳ ನಡುವಿನ ಖಾಲಿ ಜಾಗವನ್ನೇ ಮುಟ್ಟಬೇಕು. ತಪ್ಪಿ ಕೆಪಾಸಿಟರ್ ಎಂಬ ಪುಟ್ಟ ಬಿಡಿಭಾಗದ ಮೇಲೆ ಕೂತಿತೋ, ಅದು ಸದ್ದಿಲ್ಲದೆ ಸೀಳುತ್ತದೆ.

ಅದಕ್ಕೇ ಒಂದು ತೂತಿನ ಹಾಳೆ ಇದೆ. ಗಾಜಿನಂಥ ಪ್ಲಾಸ್ಟಿಕ್ ಹಾಳೆ, ಪಿನ್ನು ಇರಬೇಕಾದ ಕಡೆಯೆಲ್ಲ ತೂತು. ಒಂದೊಂದು ಮುಖಕ್ಕೆ ಒಂದೊಂದು ಹಾಳೆ. ಪಿನ್ನುಗಳ ಮೇಲೆ ಹಿಡಿದರೆ ಪ್ರತಿ ತೂತಿನಲ್ಲೂ ಒಂದು ತಲೆ ಕಾಣಬೇಕು. ಹಾಳೆ ಅಗಲ, ಒಬ್ಬರೇ ಹಿಡಿದರೆ ನಡುವೆ ಜೋತುಬೀಳುತ್ತದೆ. ಹಾಗಾಗಿ ಹೋಗುವ ಪಾಳಿಯವರು ಒಂದು ತುದಿ, ಬರುವ ಪಾಳಿಯವರು ಇನ್ನೊಂದು ತುದಿ ಹಿಡಿದು, ತಲೆಗೆ ತಲೆ ತಾಗುವಷ್ಟು ಬಗ್ಗಿ ನೋಡುವುದು ಆ ಕಾರ್ಖಾನೆಯ ರೂಢಿ. ಬೇರೆ ಲೈನುಗಳಲ್ಲಿ ಆ ಹೊತ್ತಿಗೇ ಮಗಳ ಮದುವೆ, ಮೀನಿನ ಧಾರಣೆ, ಗಂಡನ ಗೊರಕೆ ಎಲ್ಲ ಮಾತಾಗಿ ಮುಗಿಯುತ್ತಿತ್ತು. ನಾಲ್ಕನೇ ಲೈನಿನಲ್ಲಿ ಮಾತ್ರ ಹಾಳೆ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ತಲೆಗೆ ತಲೆ ತಾಗಿಸುವುದಕ್ಕೆ ಇಬ್ಬರಿಗೂ ಮನಸ್ಸಿರಲಿಲ್ಲ. ಇಬ್ಬರ ಕೈಯೂ ಪಳಗಿದ ಕೈ, ಇಷ್ಟು ದಿನ ಏನೂ ಆಗಿರಲಿಲ್ಲ.

ಇನ್ನು ಸುರಾಯಾ ಹೇಳಿದ ಆ ಮಾತು. ಅವರ ಮಲಯ್ ಭಾಷೆಯಲ್ಲಿ ಅವಳು ಅಂದದ್ದು ‘ಬಾಲಿಕ್’ ಎಂದು. ನಮ್ಮ ‘ತಿರುಗಿಸು’ ಇದೆಯಲ್ಲ, ಅದರ ಒಡಹುಟ್ಟಿದ ಶಬ್ದ. ಮಗುಚಿ ಹಾಕಿದರೂ ಬಾಲಿಕ್, ಇದ್ದ ಕಡೆಗೇ ಮರಳಿ ಇಟ್ಟರೂ ಬಾಲಿಕ್. ಹಬ್ಬಕ್ಕೆ ಊರಿಗೆ ತಿರುಗುವುದೂ ಬಾಲಿಕ್. ಆ ವಾರವಂತೂ ಕಾರ್ಖಾನೆಯಲ್ಲಿ ಯಾರ ಬಾಯಲ್ಲಿ ನೋಡಿದರೂ ಅದೇ.

ಸುರಾಯಾ ರಾತ್ರಿಯೆಲ್ಲ ಎರಡನೇ ಮುಖ ಓಡಿಸಿದ್ದಳು. ಬೆಳಗಿನ ಜಾವ ಇನ್ನಷ್ಟು ಮೊದಲ ಮುಖದ ಬೋರ್ಡುಗಳು ತುರ್ತಾಗಿ ಬೇಕು ಎಂದು ಹೇಳಿಕಳಿಸಿದ್ದರಿಂದ ಪಿನ್ನುಗಳನ್ನು ಮೊದಲ ಮುಖದ ಜಾಗಕ್ಕೇ ಮರಳಿ ಇಟ್ಟು, ಆ ಬೋರ್ಡುಗಳನ್ನು ಓಡಿಸಿ, ಹೊರಡುವಾಗ ಹಾಗೆ ಮರಳಿ ಇಟ್ಟದ್ದನ್ನೇ ‘ತಿರುಗಿಸಿ ಇಟ್ಟಿದ್ದೀನಿ’ ಅಂದಿದ್ದಳು. ಮಜ್ನಾಗೆ ಹಗಲಿಗೆ ಕೊಟ್ಟಿದ್ದ ಕೆಲಸ ಎರಡನೇ ಮುಖ. ಓಹೋ, ಮಗುಚಿದ ಬೋರ್ಡಿಗೆ ತಕ್ಕಂತೆ ತಿರುಗಿಸಿದ್ದಾಳೆ, ನನ್ನ ಕೆಲಸ ಒಂದು ಕಮ್ಮಿಯಾಯಿತು ಎಂದುಕೊಂಡಳು. ಬರಿಗಣ್ಣಿಗೆ ಎರಡೂ ಜೋಡಣೆ ಹೆಚ್ಚುಕಡಿಮೆ ಒಂದೇ ಥರ. ಬೋರ್ಡು ಸಾಲಾಗಿ ಒಳಗೆ ಹೋದವು.

ಹನ್ನೊಂದು ಗಂಟೆಯ ಸುಮಾರಿಗೆ ಪರಮೇಸ್ ಕೂಗಿದಳು. ಪರಮೇಸ್ ತಮಿಳಿನವಳು, ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ಬೋರ್ಡು ತಪಾಸಣೆ ಮಾಡುವವಳು. ಕಣ್ಣು ಎಷ್ಟು ಚುರುಕೋ ನಾಲಿಗೆ ಅದಕ್ಕಿಂತ ಒಂದು ಕೈ ಮುಂದೆ.

“ಮಜ್ನಾ ಅಕ್ಕ, ಇಲ್ಲಿ ಬಾ. ನಿನ್ನ ಬೋರ್ಡಿಗೆ ಹಿಮ್ಮಡಿ ಒಡೆದಿದೆ.”

“ಏನು?”

“ಹಿಮ್ಮಡಿ ಮಾರಾಯ್ತಿ, ಹಿಮ್ಮಡಿ. ಕೆಳಗಡೆ ನೋಡು. ಇದಕ್ಕೆ ಇಲ್ಲಿ. ಇದಕ್ಕೂ ಇಲ್ಲೇ. ಮೂರನೇದಕ್ಕೂ ಇಲ್ಲೇ. ಪರೀಕ್ಷೆಯ ಯಂತ್ರ ಎಲ್ಲಾನೂ ಪಾಸ್ ಮಾಡಿ ಕಳಿಸಿದೆ. ಅದಕ್ಕೇನು, ಹೂಂ ಅನ್ನೋದು ಬಿಟ್ಟು ಬೇರೆ ಬರಲ್ಲ.”

ಮಜ್ನಾ ಬಗ್ಗಿ ನೋಡಿದಳು. ಕೆಪಾಸಿಟರಿನ ಅಂಚಿನಲ್ಲಿ ಕೂದಲೆಳೆಯಂಥ ಸೀಳು. ಪ್ರತಿ ಬೋರ್ಡಿನಲ್ಲೂ ಅದೇ ಕೆಪಾಸಿಟರ್, ಅದೇ ಮೂಲೆ. ಎರಡನೆಯವರ ಮಾತಿಗೆ ಕಾಯದೆ ಹೋಗಿ ಕೆಂಪು ಗುಂಡಿ ಒತ್ತಿದಳು. ಲೈನು ನಿಂತಿತು. ಎರಡನೇ ಮುಖದ ಹಾಳೆಯನ್ನು ಮೊಳೆಯಿಂದ ಕಿತ್ತು ತಂದು, “ಆ ತುದಿ ಹಿಡಿ” ಎಂದು ಪರಮೇಸ್ ಕೈಗೆ ಕೊಟ್ಟಳು. ಪಿನ್ನುಗಳ ಮೇಲೆ ಹಿಡಿದು ನೋಡಿದರೆ ತೂತುಗಳೆಲ್ಲ ಖಾಲಿ. ಪಿನ್ನುಗಳು ತೂತು ಬಿಟ್ಟು ಬೆರಳಗಲ ಆಚೀಚೆ ನಿಂತಿದ್ದವು.

ಆ ಬೋರ್ಡುಗಳು ಆಸ್ಪತ್ರೆಯಲ್ಲಿ ರೋಗಿಯ ಮೈಗೆ ಔಷಧಿಯನ್ನು ಹನಿಹನಿಯಾಗಿ ಬಿಡುವ ಯಂತ್ರಕ್ಕೆ ಹೋಗುವಂಥವು. ಇವತ್ತು ಪಾಸಾದ ಸೀಳು ಇನ್ನಾರು ತಿಂಗಳಿಗೆ ಯಾರದೋ ಹಾಸಿಗೆಯ ಪಕ್ಕದಲ್ಲಿ ಬಾಯಿ ಬಿಡುತ್ತದೆ. ಬೆಳಗಿನಿಂದ ಓಡಿದ್ದನ್ನೆಲ್ಲ ಮಜ್ನಾ ತಾನೇ ಕೆಂಪು ಬುಟ್ಟಿಗಳಿಗೆ ತುಂಬಿಸಿದಳು. ಒಂದೂ ಆಚೆ ಹೋಗಿರಲಿಲ್ಲ. ಅದೊಂದು ಪುಣ್ಯ.

ಲೈನು ನಿಂತ ಸದ್ದಿಗೆ ಉತ್ಪಾದನೆಯ ಮ್ಯಾನೇಜರ್ ಊಯಿ ಓಡಿ ಬಂದ. ಕೆಟ್ಟವನಲ್ಲ, ಆದರೆ ಗಡಿಬಿಡಿಯ ಆಸಾಮಿ. ಕೂತು ಊಟ ಮಾಡಿದ್ದನ್ನು ಯಾರೂ ಕಂಡವರಿಲ್ಲ. ಸೀಳು ನೋಡಿದ, ಹಾಳೆ ನೋಡಿದ, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ.

“ಪಿನ್ನು ಇಟ್ಟಿದ್ದು ಯಾರು?”

“ರಾತ್ರಿ ಪಾಳಿ” ಅಂದಳು ಮಜ್ನಾ.

ಸುಳ್ಳಲ್ಲ. ಆದರೆ ಬಾಯಿಂದ ಬಿದ್ದ ಕೂಡಲೇ ಆ ಎರಡು ಶಬ್ದ ವಾಪಸು ನುಂಗಬೇಕೆನಿಸಿತು.

“ಅಂದ್ರೆ ಸುರಾಯಾ” ಅಂದ ಊಯಿ. “ಛೆ. ಮಾಲು ಆಚೆ ಹೋಗದಿದ್ರೂ ಗಿರಾಕಿ ಸಂಜೆಯೊಳಗೆ ವರದಿ ಕೇಳ್ತಾನೆ. ಕಾರಣ ಅಂತ ಒಂದು ಹೆಸರು ಕೊಡಲೇಬೇಕು. ಹಬ್ಬ ಕಳೀಲಿ, ಅವಳನ್ನ ಖಾಯಂ ಮಾಡೋಣ ಅಂತಿದ್ದೆ. ಇನ್ನು ಹೇಗೆ ಮಾಡಲಿ? ಗುತ್ತಿಗೆ ಮುಗೀತಿದ್ದ ಹಾಗೆ ಮನೆಗೆ ಕಳಿಸು ಅಂತಾರೆ ಮೇಲಿನೋರು.”

ಸುರಾಯಾಗೆ ಈ ಕೆಲಸ ಏನು ಎಂಬುದು ಮಜ್ನಾಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಪ್ಯಾಕಿಂಗಿನಲ್ಲಿ ಡಬ್ಬಕ್ಕೆ ಟೇಪು ಅಂಟಿಸುತ್ತಿದ್ದ ಹುಡುಗಿ, ಯಾರ ಶಿಫಾರಸೂ ಇಲ್ಲದೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಲಿತು, ಯಂತ್ರ ಸಜ್ಜುಮಾಡಿ ಓಡಿಸುವ ಸೆಟ್ಟರ್ ಆಗಿದ್ದಳು. ಮದುವೆಯ ಮಾತು ಮುರಿದುಬಿದ್ದ ಮೇಲೆ ಅವಳಿಗೆ ತನ್ನದು ಅಂತ ಉಳಿದದ್ದು ಇದೊಂದೇ. ಮತ್ತು ಆ ಮದುವೆಯ ಮಾತು ಮುರಿದದ್ದು ಯಾರಿಂದ? ಮಜ್ನಾಳ ನಾಲಿಗೆಯಿಂದ.

ಹಿಂದಿನ ವರ್ಷ ಗಂಡಿನ ಕಡೆಯವರು ಹೆಣ್ಣು ಕೇಳಲು ಬಂದಿದ್ದರು. ಮೆತ್ತಗಿನ ಜನ, ತಟ್ಟೆಯಲ್ಲಿ ಇಟ್ಟದ್ದನ್ನೂ ಕೇಳಿ ತಿನ್ನುವಂಥವರು. ಗಂಡಿನ ತಾಯಿ, ರಾತ್ರಿ ಪಾಳಿ ಮಾಡಿಕೊಂಡು ನಮ್ಮ ಮನೆಗೆಲಸ ಹೇಗೆ ಸರಿದೂಗಿಸುತ್ತೀಯಮ್ಮ ಎಂದು ಸುರಾಯಾಳನ್ನು ಕೇಳಿದಳು. ಸುರಾಯಾ ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ಇದ್ದಳು. ಅವಳು ಬಾಯಿ ತೆರೆಯುವ ಮೊದಲೇ ಮಜ್ನಾ, “ಮನೆಗೆಲಸವಾ? ಇವಳು ಗೂಬೆ. ರಾತ್ರಿಯೆಲ್ಲ ಎದ್ದಿರ್ತಾಳೆ, ಹಗಲೆಲ್ಲ ಮಲಗಿರ್ತಾಳೆ. ನಿಮ್ಮ ಹುಡುಗ ಬಾವಲಿಯಾಗಿದ್ರೆ ಜೋಡಿ ಸರಿಹೋಗುತ್ತೆ” ಎಂದು ನಕ್ಕಳು. ನಕ್ಕವಳು ಅವಳೊಬ್ಬಳೇ. ಆ ಜನ ಚಹಾ ಕುಡಿದು ಹೋದವರು ಮತ್ತೆ ಗುಡ್ಡ ಹತ್ತಿ ಬರಲಿಲ್ಲ. ತಮಾಷೆಗೆ ಅಂದೆ, ಅಷ್ಟಕ್ಕೇ ಮುರಿದುಕೊಳ್ಳುವ ಸಂಬಂಧ ಎಂಥಾ ಸಂಬಂಧ ಎಂದು ಮಜ್ನಾ ಪಟ್ಟು ಹಿಡಿದಳು. ಸುರಾಯಾ ಆಮೇಲೆ ಬಂದ ಹಬ್ಬದ ಬೆಳಿಗ್ಗೆ ಎಲ್ಲರೂ ಹಿರಿಯರ ಕೈಗೆ ಮುತ್ತಿಟ್ಟು ಕ್ಷಮೆ ಕೇಳುವ ಹೊತ್ತಿಗೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಹೊರಗೆ ಬಂದದ್ದು ಮಜ್ನಾ ತನ್ನ ಮನೆಗೆ ಹೊರಟುಹೋದ ಮೇಲೆ.

ಈಗ ಊಯಿ ಹೋದ ದಾರಿ ನೋಡುತ್ತ ಮಜ್ನಾ ನಿಂತಲ್ಲೇ ತೀರ್ಮಾನ ಮಾಡಿದಳು. ಒಂದು ಸಲ ಈ ಹುಡುಗಿಯ ಬದುಕಿಗೆ ನನ್ನ ಬಾಯಿ ಅಡ್ಡ ಬಂತು. ಎರಡನೇ ಸಲ ಬರಬಾರದು. ಏನಾದರಾಗಲಿ, ಸಂಜೆಯ ವರದಿಯಲ್ಲಿ ಸುರಾಯಾ ಹೆಸರು ಇರಬಾರದು.

“ಪರಮೇಸ್, ಒಂದು ಮಾತು ಕೇಳ್ತೀನಿ. ನಾನು ನಿನಗೆ ‘ಪಿನ್ನು ತಿರುಗಿಸಿ ಇಟ್ಟಿದ್ದೀನಿ’ ಅಂದ್ರೆ ನಿನಗೇನು ಅರ್ಥವಾಗುತ್ತೆ?”

“ಇದ್ದಲ್ಲೇ ವಾಪಸ್ ಇಟ್ಟಿದ್ದೀಯ ಅಂತ.”

“ಮಗುಚಿದ್ದೀನಿ ಅಂತ ಅಲ್ವಾ?”

“ಪಿನ್ನನ್ನ ಮಗುಚೋಕೆ ಅದೇನು ರೊಟ್ಟಿನಾ?”

ಮಜ್ನಾ ಅಲ್ಲಿಗೆ ಬಿಡಲಿಲ್ಲ. ಮೂರನೇ ಲೈನಿನ ಸೆಟ್ಟರ್ ಜಮಾಲುದ್ದೀನನ ಹತ್ತಿರ ಹೋದಳು. ಅವನು ತಲೆಯೆತ್ತದೆ, “ಎರಡನೇ ಮುಖಕ್ಕೆ ಹಾಕಿದ್ದಾರೆ ಅಂತ, ಇನ್ನೇನು” ಅಂದ. ಬೆಸುಗೆ ಓವನ್ನಿನವನು ಮರಳಿ ಇಟ್ಟಿದ್ದಾರೆ ಅಂದ. ಅವನ ಸಹಾಯಕ್ಕಿದ್ದವನು ಅಲ್ಲ, ಮಗುಚಿದ್ದಾರೆ ಅಂದ. ಇಬ್ಬರಿಗೂ ಅಲ್ಲೇ ವಾದ ಹತ್ತಿಕೊಂಡಿತು. ಕ್ಯಾಂಟೀನಿನ ಮುದುಕಿಯನ್ನು ಕೇಳಿದರೆ ಅವಳು, “ಯಾರು, ಯಾವ ಬಸ್ಸಿಗೆ ತಿರುಗಿ ಹೊರಟರು?” ಎಂದು ಕೇಳಿದಳು. ಉಪವಾಸದ ಹೊಟ್ಟೆಯಲ್ಲಿ ಮಜ್ನಾ ಮಧ್ಯಾಹ್ನವಿಡೀ ಆ ಕಾರ್ಖಾನೆಯನ್ನು ಸುತ್ತಿದಳು. ಉತ್ತರ ಸರಿಯಾಗಿ ಎರಡು ಪಾಲಾಗಿತ್ತು.

ಊಯಿಯ ಕೋಣೆಗೆ ಅವಳು ಬಾಗಿಲು ತಟ್ಟದೆ ನುಗ್ಗಿದಳು.

“ಬಾಸ್, ತಪ್ಪು ಸುರಾಯಾದಲ್ಲ. ಶಬ್ದದ್ದು.”

ಊಯಿ ಪೂರ್ತಿ ಕೇಳಿಸಿಕೊಂಡ. ನಡುವೆ ಒಂದು ಸಲ, “ಊರಿನ ಹೆಸರಲ್ಲೇ ಬಾಲಿಕ್ ಇಟ್ಕೊಂಡಿರೋ ನಿಮಗೇ ಈ ಶಬ್ದ ಗೊತ್ತಾಗಲಿಲ್ಲ ಅಂದ್ರೆ ಇನ್ನು ನಮ್ಮ ಗತಿಯೇನು” ಎಂದು ಕಿಚಾಯಿಸಿದ. ಆಮೇಲೆ ಅವನ ಮುಖ ಗಂಭೀರವಾಯಿತು.

“ಸರಿ, ಒಪ್ಪಿದೆ. ನನಗೆ ಹೇಳಿದ್ರೂ ನಾನು ಮಗುಚಿದ್ದಾರೆ ಅಂತಲೇ ತಿಳೀತಿದ್ದೆ. ಆದರೆ ಮಜ್ನಾ, ಈ ಶಬ್ದ ಇವತ್ತು ಹುಟ್ಟಿದ್ದಲ್ಲ. ಮೂರನೇ ಲೈನಲ್ಲೂ ಇದನ್ನೇ ಅಂತಾರೆ. ಜಮಾಲುದ್ದೀನ್ ಏನು ಮಾಡ್ತಾನೆ? ಯಾವ ತಿರುಗಿಸಿದ್ದು ಅಂತ ಕೇಳ್ತಾನೆ. ಹಾಳೆ ಹಿಡೀತಾನೆ. ನೀನು ಯಾಕೆ ಕೇಳಲಿಲ್ಲ?”

ಇಡೀ ಮಧ್ಯಾಹ್ನ ಅಷ್ಟು ಜನರನ್ನು ಕೇಳಿದ ಮಜ್ನಾ, ಬೆಳಿಗ್ಗೆ ಕೇಳಬೇಕಾದ ಒಬ್ಬಳನ್ನು ಕೇಳಿರಲಿಲ್ಲ.

“ನಾವಿಬ್ಬರೂ ಮಾತಾಡಲ್ಲ ಬಾಸ್. ಒಂದು ವರ್ಷ ಆಯ್ತು. ಅವಳ ಮುಖ ಹತ್ತಿರದಿಂದ ನೋಡೋಕೆ ನನಗೆ ಆಗಲ್ಲ. ಅದಕ್ಕೇ ಹಾಳೆ ಹಿಡೀಲಿಲ್ಲ” ಅಂದಳು. ಹೇಳುತ್ತಿದ್ದಂತೆ ಕಿವಿ ಬಿಸಿಯಾಯಿತು. “ಗುಂಡಿ ಒತ್ತಿ ಲೈನ್ ಶುರು ಮಾಡಿದ್ದು ನಾನು. ನೋಡ್ಕೊಳ್ಳಬೇಕಾಗಿದ್ದೂ ನಾನು. ನನ್ನ ಹೆಸರು ಬರೀರಿ.”

“ಬರೆದ್ರೆ ನಿನ್ನನ್ನ ಸೆಟ್ಟರ್ ಕೆಲಸದಲ್ಲಿ ಇಡೋಕಾಗಲ್ಲ. ಪ್ಯಾಕಿಂಗಿಗೆ ಹೋಗ್ತೀಯಾ, ಈ ವಯಸ್ಸಲ್ಲಿ?”

“ಹೋಗ್ತೀನಿ.”

“ಯೋಚನೆ ಮಾಡು.”

“ಮಾಡಿಯೇ ಬಂದಿದ್ದೀನಿ. ಬರೀರಿ.”

ಊಯಿ ಪೆನ್ನು ಕೈಗೆತ್ತಿಕೊಂಡ, ಮತ್ತೆ ಕೆಳಗಿಟ್ಟ. “ಸುರಾಯಾನ ಕರೆಸಿದ್ದೀನಿ. ಅವಳ ಬಾಯಿಂದಲೂ ಕೇಳಬೇಕು. ಬರಲಿ” ಅಂದ.

ಸುರಾಯಾ ಬಂದಾಗ ನಾಲ್ಕು ದಾಟಿತ್ತು. ನಿದ್ದೆಗೆಟ್ಟ ಕಣ್ಣು ಕೆಂಪಾಗಿದ್ದವು, ತಲೆವಸ್ತ್ರ ಒಂದು ಕಡೆ ವಾಲಿತ್ತು. ಚಪ್ಪಲಿ ಬಿಡುವ ಕಪಾಟಿನ ಹತ್ತಿರ ಪರಮೇಸ್ ಅವಳನ್ನು ಹಿಡಿದು ನಿಲ್ಲಿಸಿ ನಡೆದದ್ದೆಲ್ಲ ಒದರಿದ್ದಳು. ಮಜ್ನಾ ಕೋಣೆಯಿಂದ ಹೊರಬಂದು ಅವಳತ್ತ ಹೆಜ್ಜೆ ಹಾಕಿದಳು. ಸಮಾಧಾನದ ಮಾತು ಬಾಯ್ತುದಿಯಲ್ಲೇ ಇತ್ತು.

“ನೀನೇನೂ ಹೆದರಬೇಡ. ಎಲ್ಲಾ ನಾನು ಮಾತಾಡಿದ್ದೀನಿ. ಒಳಗೆ ಹೋಗಿ ಸುಮ್ನೆ ತಲೆಯಾಡಿಸು. ನನ್ನ ಹೆಸರೇ ಬರೆಯೋಕೆ ಹೇಳಿದ್ದೀನಿ.”

ಸುರಾಯಾ ಒಂದು ಚಪ್ಪಲಿ ಕಾಲಲ್ಲಿ, ಒಂದು ಕೈಯಲ್ಲಿ ಹಿಡಿದು ಅವಳನ್ನೇ ನೋಡಿದಳು.

“ಯಾರು ಹೇಳಿದ್ರು ನಿನಗೆ?”

“ಯಾರು ಹೇಳಬೇಕು? ನಿನ್ನ ಕೆಲಸ ಉಳೀಬೇಕಲ್ಲ.”

“ನನ್ನ ಕೆಲಸ!” ಸುರಾಯಾ ಚಪ್ಪಲಿಯನ್ನು ಕಪಾಟಿಗೆ ಎಸೆದಳು. “ನನ್ನ ಕೆಲಸದ ವಿಷಯ ನನ್ನನ್ನ ಬಿಟ್ಟು ಊರಿಗೆಲ್ಲ ಮಾತಾಡಿದ್ದೀಯ. ಕ್ಯಾಂಟೀನ್ ಮುದುಕೀನೂ ಬಿಟ್ಟಿಲ್ಲವಂತೆ. ನನಗೊಂದು ಫೋನ್ ಮಾಡೋಕೆ ಕೈ ಬರಲಿಲ್ವಾ?”

“ಮಲಗಿರ್ತೀಯ ಅಂತ…”

“ಹೌದು, ಗೂಬೆ ನಾನು. ಹಗಲು ಮಲಗಿರ್ತೀನಿ. ಅವತ್ತೂ ಹಾಗೇ. ಆ ಯಮ್ಮ ಪ್ರಶ್ನೆ ಕೇಳಿದ್ದು ನನ್ನ. ಉತ್ತರ ಕೊಟ್ಟಿದ್ದು ನೀನು. ನಾನೇನು ಹೇಳೋಕಿದ್ದೆ ಅಂತ ಇವತ್ತಿನ ತನಕ ಕೇಳಿದ್ದೀಯಾ? ನಗಿಸಿದೆ ಅಂತ ನೀನು ಅಂದ್ಕೊಂಡೆ, ಎದ್ದು ಹೋದೆ. ಈಗ ಇದು. ಇವರು ಗೂಬೆ ತಂದು ನನ್ನ ತಲೆ ಮೇಲೆ ಕೂರಿಸೋಕೆ ನೋಡಿದ್ರು, ನೀನು ಎತ್ತಿ ನಿನ್ನ ತಲೆ ಮೇಲೆ ಕೂರಿಸ್ಕೊಂಡೆ. ನನ್ನ ತಲೇನ ಕೇಳಿದೋರು ಯಾರು?”

ಹೇಳಲಿಕ್ಕೆ ಮಜ್ನಾಳ ಹತ್ತಿರ ಬೇಕಾದಷ್ಟಿತ್ತು. ನಿನ್ನ ಒಳ್ಳೆಯದಕ್ಕೇ ಅಲ್ಲವೇ ನಾನು ಮಧ್ಯಾಹ್ನವೆಲ್ಲ ಅಲೆದದ್ದು, ಇಪ್ಪತ್ತು ವರ್ಷದ ಕೆಲಸ ಬಿಡಲಿಕ್ಕೆ ತಯಾರಾದದ್ದು ಎಂದು ಕೇಳಬಹುದಿತ್ತು. ಆದರೆ ಎದುರಿನ ಆ ಕೆಂಪು ಕಣ್ಣು ನೋಡಿದಾಗ ಅವಳಿಗೆ ನಿಜವಾಗಿಯೂ ನಾಚಿಕೆಯಾಯಿತು. ಒಳ್ಳೆಯದು ಮಾಡುವುದಕ್ಕೆ ಹೊರಟಾಗಲೂ ತಾನು ಮಾಡಿದ್ದು ಆವತ್ತಿನದ್ದನ್ನೇ. ಒಂದು ವರ್ಷ ‘ತಮಾಷೆಗೆ ಅಂದೆ’ ಎನ್ನುತ್ತ ಬಂದವಳಿಗೆ ಇವಳ ಸಿಟ್ಟು ತಮಾಷೆಯ ಮೇಲಲ್ಲ ಎಂಬುದು ಹೊಳೆದದ್ದು ಈಗ.

“ಏನು ಹೇಳೋಕಿದ್ದೆ?” ಎಂದು ಕೇಳಿದಳು.

“ಹಗಲು ಪಾಳಿಗೆ ಬದಲಾಗ್ತೀನಿ ಅಂತ. ಬಾಸ್ ಹತ್ರ ಕೇಳಿಯೂ ಆಗಿತ್ತು.”

ಮಜ್ನಾ ಬಗ್ಗಿ, ಸುರಾಯಾ ಎಸೆದ ಚಪ್ಪಲಿಯನ್ನು ಕಪಾಟಿನಲ್ಲಿ ನೆಟ್ಟಗಿಟ್ಟಳು.

“ತಪ್ಪಾಯ್ತು ಸುರಾಯಾ. ಅವತ್ತಿಂದೂ ತಪ್ಪಾಯ್ತು, ಇವತ್ತಿಂದೂ ತಪ್ಪಾಯ್ತು.”

ಸುರಾಯಾ ತಲೆವಸ್ತ್ರ ಸರಿಮಾಡಿಕೊಂಡು ಊಯಿಯ ಕೋಣೆಯ ಕಡೆ ನಡೆದಳು. ಬಾಗಿಲ ಹತ್ತಿರ ನಿಂತು, “ನೀನೂ ಬಾ. ಆದರೆ ಕೇಳೋ ತನಕ ಬಾಯಿ ಬಿಡಬೇಡ” ಅಂದಳು.

ಕೋಣೆಯಲ್ಲಿ ಮಜ್ನಾ ಗೋಡೆಗೊರಗಿ ನಿಂತಳು. ಸುರಾಯಾ ಮೇಜಿನ ಎದುರಿಗೇ ಹೋಗಿ ನಿಂತಳು. ಕೂರು ಅಂದರೂ ಕೂರಲಿಲ್ಲ.

“ಪಿನ್ನು ಇಟ್ಟಿದ್ದು ನಾನು ಬಾಸ್. ಮೊದಲ ಮುಖದ ಜಾಗಕ್ಕೆ ಇಟ್ಟಿದ್ದೀನಿ ಅಂತ ಪೂರ್ತಿ ಹೇಳೋಕೆ ನನಗೇನೂ ಕಷ್ಟ ಇರಲಿಲ್ಲ. ಹೇಳೋಕೆ ಮನಸ್ಸಿರಲಿಲ್ಲ, ಅರ್ಧ ಹೇಳಿ ಹೊರಟೆ. ಹಾಳೆ ಮುಟ್ಟದೆ ಹೋಗಿದ್ದು ನಾನು. ಹಾಳೆ ಹಿಡಿ ಅನ್ನದೆ ಬಿಟ್ಟಿದ್ದು ಇವಳು. ಇಬ್ಬರ ಹೆಸರೂ ಬರೀರಿ.”

“ಇಲ್ಲಿ ಹೆಸರಿಗೆ ಜಾಗ ಒಂದೇ ಇರೋದು.”

“ಅಕ್ಷರ ಸಣ್ಣ ಮಾಡಿ.”

ಊಯಿಗೆ ನಗು ಬಂತು, ತಡೆದುಕೊಂಡ. “ಕೆಲಸ ಹೋಗಬಹುದು, ಗೊತ್ತಿದೆಯಾ?”

“ಗೊತ್ತು. ಬೋರ್ಡು ಒಡೆದಿದ್ದು ನಿಜ. ಅದಕ್ಕೆ ನಾನು ಅರ್ಧ ಕಾರಣ ಅನ್ನೋದೂ ನಿಜ. ಸುಳ್ಳು ಹೇಳಿ ಉಳಿಸಿಕೊಂಡ ಕೆಲಸಕ್ಕೆ ನಾಳೆ ಯಾವ ಮುಖ ಇಟ್ಕೊಂಡು ಬರಲಿ? ನೀವು ಉಳಿಸಿದ್ರೆ ಇದೆಲ್ಲ ಗೊತ್ತಿದ್ದೂ ಉಳಿಸಬೇಕು.”

ಊಯಿ ಪೆನ್ನಿನ ತುದಿ ಕಚ್ಚುತ್ತ ತಿರುಗಿದ್ದು ಗೋಡೆಯ ಕಡೆ.

“ಮಜ್ನಾ, ನೀನು ಹಳಬಳು. ಮೇಲಿನೋರು ನನ್ನ ಮಾತಿಗಿಂತ ನಿನ್ನ ಮಾತಿಗೆ ಬೆಲೆ ಕೊಡ್ತಾರೆ. ಇವಳು ಸೆಟ್ಟರ್ ಕೆಲಸಕ್ಕೆ ಲಾಯಕ್ಕು ಅಂತ ನೀನು ಹೇಳಿದ್ರೆ ನಾನು ಹೋಗಿ ಜಗಳ ಮಾಡಿಯಾದರೂ ಉಳಿಸ್ಕೊಂಡು ಬರ್ತೀನಿ. ಹೇಳು, ಇವಳ ಕೈಗೆ ಲೈನ್ ಬಿಡಬಹುದಾ?”

ಬೆಳಗಿನಿಂದ ಮಜ್ನಾ ಹಂಬಲಿಸಿದ್ದು ಈ ಒಂದು ಪ್ರಶ್ನೆಗೆ. ಬಿಡಬಹುದು ಬಾಸ್, ಇವಳಂಥ ಕೈ ಈ ಕಾರ್ಖಾನೆಯಲ್ಲೇ ಇಲ್ಲ, ನನಗಿಂತ ಬೇಗ ಪಿನ್ನು ನಿಲ್ಲಿಸುತ್ತಾಳೆ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಸುರಾಯಾ ಬೆನ್ನು ಹಾಕಿ ನಿಂತಿದ್ದಳು, ಅವಳ ಭುಜ ಬಿಗಿದದ್ದು ಕಾಣುತ್ತಿತ್ತು. ಮಜ್ನಾ ತುಟಿ ಕಚ್ಚಿ ಹಿಡಿದಳು. ಹೇಳಬೇಕಾದ್ದನ್ನು ಹೇಳುವುದಕ್ಕಿಂತ ಹೇಳದೆ ನಿಲ್ಲುವುದು ಅವಳಿಗೆ ಹತ್ತು ಪಾಲು ಕಷ್ಟವಾಯಿತು.

“ಅವಳು ಇಲ್ಲೇ ಇದ್ದಾಳಲ್ಲ ಬಾಸ್” ಅಂದಳು. “ಅವಳನ್ನೇ ಕೇಳಿ.”

ಊಯಿ ಹುಬ್ಬೇರಿಸಿದ. ಆಮೇಲೆ ಸುರಾಯಾಳನ್ನು ನೋಡಿದ. “ಹೇಳು. ಬಿಡಬಹುದಾ?”

“ಬಿಡಬಹುದು” ಅಂದಳು ಸುರಾಯಾ. ಮಾತಿನಲ್ಲಿ ಅಳುಕಿರಲಿಲ್ಲ. “ಎರಡನೇ ಸಲ ಹೀಗಾಗಲ್ಲ. ಹಾಗೇನಾದ್ರೂ ಆಯ್ತೋ, ನೀವು ಕಳಿಸೋದು ಬೇಡ, ನಾನೇ ಹೋಗ್ತೀನಿ.”

“ಸರಿ.” ಊಯಿ ಬರೆಯತೊಡಗಿದ. ಇಬ್ಬರ ಹೆಸರನ್ನೂ ಬರೆದ, ಅಕ್ಷರ ಸಣ್ಣ ಮಾಡಿ. “ಇಬ್ಬರೂ ಸೆಟ್ಟರ್ ಆಗೇ ಇರ್ತೀರಿ. ಅದಕ್ಕೆ ನಾನು ಹೊಣೆ. ಖಾಯಂ ಮಾಡೋದು ಇನ್ನೊಂದಷ್ಟು ದಿನ ತಡವಾಗುತ್ತೆ ಸುರಾಯಾ, ಬೈಕೋಬೇಡ. ಆದರೆ ನಿಮ್ಮಿಬ್ಬರನ್ನ ಒಂದೇ ಲೈನಲ್ಲಿ ಇಡಲ್ಲ. ಮಜ್ನಾ, ನಾಳೆಯಿಂದ ನೀನು ಮೂರನೇ ಲೈನು. ನಾಲ್ಕನೇ ಲೈನಿಗೆ ಜಮಾಲುದ್ದೀನ್ ಬರ್ತಾನೆ. ಮಾತಾಡೋ ಮನುಷ್ಯ.”

ನ್ಯಾಯವೇ. ನಾಳೆ ಬೆಳಿಗ್ಗೆ ಏಳಕ್ಕೆ ಸುರಾಯಾ ಎದುರಿಗೆ ನಿಲ್ಲುವ ಐದು ನಿಮಿಷವೂ ಇರುವುದಿಲ್ಲ ಎಂದು ಅನ್ನಿಸಿ ಮಜ್ನಾಳ ಕಣ್ಣು ಮಂಜಾದವು. ಅವಳು ತಲೆ ಆಡಿಸಿದಳು.

“ಬೇಡ ಬಾಸ್” ಅಂದಳು ಸುರಾಯಾ.

“ಏನು ಬೇಡ?”

“ಜಮಾಲುದ್ದೀನ್ ಬೇಡ. ಒಳ್ಳೇ ಮನುಷ್ಯ. ಬೆಳಿಗ್ಗೆ ಬಂದು ನಗ್ತಾನೆ, ಕ್ಷೇಮ ಕೇಳ್ತಾನೆ. ಇವತ್ತು ಹಾಳೆ ಹಿಡೀತಾನೆ, ನಾಳೆ ಹಿಡೀತಾನೆ. ನಾಲ್ಕು ದಿನ ಕಳೆದ್ರೆ ಸುರಾಯಾ ಇಟ್ಟಿದ್ದಾಳೆ ಅಂದ್ರೆ ಸರಿಯಾಗೇ ಇರುತ್ತೆ ಅಂತ ಸುಮ್ನಾಗ್ತಾನೆ.” ಅವಳು ಮೊದಲ ಸಲ ಹಿಂದೆ ತಿರುಗಿ, ಗೋಡೆಗೊರಗಿ ನಿಂತವಳ ಮುಖವನ್ನು ನೇರವಾಗಿ ನೋಡಿದಳು. “ಇವಳು ಹಾಗಲ್ಲ. ಇನ್ನು ಸಾಯೋ ತನಕ ನನ್ನ ಮಾತು ನಂಬಲ್ಲ. ಒಂದೊಂದು ಪಿನ್ನೂ ಮುಟ್ಟಿ ನೋಡಿ, ಬೈದು, ಆಮೇಲೇನೇ ಗುಂಡಿ ಒತ್ತುತಾಳೆ. ಬೆಳಿಗ್ಗೆ ಏಳಕ್ಕೆ ನನ್ನ ಎದುರಿಗೆ ಅಂಥೋಳೇ ಬೇಕು.”

ಊಯಿ ಪೆನ್ನು ಎತ್ತಿಹಿಡಿದು ಮಜ್ನಾಳ ಕಡೆ ನೋಡಿದ. ಈ ಸಲ ಕೇಳಿದ್ದು ಅವಳನ್ನೇ.

“ಹೌದು ಬಾಸ್” ಅಂದಳು ಮಜ್ನಾ, ತಲೆವಸ್ತ್ರದ ಅಂಚಿನಿಂದ ಮೂಗು ಒರೆಸಿಕೊಳ್ಳುತ್ತ. “ಒಂದು ಚೂರೂ ನಂಬಲ್ಲ.”